ಪುಟ ತಡವಾದರೆ ಕ್ಯಾಶ್ ಹಾಕಬೇಕೇ? ಡೇಟಾಬೇಸ್ ಕ್ವೆರಿಗಳ ದೋಷ ಪತ್ತೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳಲ್ಲಿ ಖರೀದಿ ಕೇಂದ್ರ ಇಟ್ಟುಕೊಂಡ ಒಂದು ಅಡಿಕೆ ಬೆಳೆಗಾರರ ಸಂಘ ಎಂದಿಟ್ಟುಕೊಳ್ಳಿ. ಅದರ ಜಾಲತಾಣದಲ್ಲಿ ದಿನದ ದರ, ಐದು ವರ್ಷದ ದರದ ಗ್ರಾಫ್, ಸದಸ್ಯರ ಖಾತೆ, ಗೋದಾಮಿನ ದಾಸ್ತಾನು ಎಲ್ಲವೂ ಕನ್ನಡ, ಮಲಯಾಳಂ ಎರಡರಲ್ಲೂ ಸಿಗುತ್ತವೆ. ಬೆಳಿಗ್ಗೆ ದರ ಹೊರಬೀಳುವ ಹೊತ್ತಿಗೆ ಫೋನು ಬರುತ್ತದೆ: "ಪುಟ ತಿರುಗ್ತಾ ಉಂಟು ಮಾರಾಯ್ರೆ, ಓಪನ್ನೇ ಆಗುವುದಿಲ್ಲ." ಈ ಕಾಲ್ಪನಿಕ ತಾಣವನ್ನೇ ಕೈಪಿಡಿಯುದ್ದಕ್ಕೂ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಡೇಟಾಬೇಸ್ ಪೋಸ್ಟ್‌ಗ್ರೆಸ್, ಕೋಡ್ ಜ್ಯಾಂಗೊ (ಪೈಥಾನ್ ಭಾಷೆಯ ವೆಬ್ ಚೌಕಟ್ಟು), ಕ್ಯಾಶ್ (ಒಮ್ಮೆ ತಂದ ಉತ್ತರವನ್ನು ಕೆಲಹೊತ್ತು ಮೆಮೊರಿಯಲ್ಲಿಟ್ಟು ಮತ್ತೆ ಕೊಡುವ ವ್ಯವಸ್ಥೆ) ರೆಡಿಸ್. ಮೈಎಸ್‌ಕ್ಯೂಎಲ್ ಬಳಸುವವರಿಗೆ ಅಲ್ಲಲ್ಲಿ ಪ್ರತ್ಯೇಕ ಮಾತು ಇದೆ.

ಇಂಥ ಫೋನು ಬಂದ ಕೂಡಲೇ ‘ಒಂದು ರೆಡಿಸ್ ಹಾಕಿಬಿಡೋಣ’ ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರಾದರೂ ಸಿಗುತ್ತಾರೆ. ಅವರನ್ನು ಸ್ವಲ್ಪ ತಡೆಯಿರಿ. ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಇಲ್ಲದ ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ಮೇಲೆ ಕ್ಯಾಶ್ ಹೊದಿಸಿದರೆ ಆ ಕ್ವೆರಿ ಮೊದಲಿನಷ್ಟೇ ನಿಧಾನವಾಗಿ ಒಳಗೆ ಕೂತಿರುತ್ತದೆ, ಮೇಲಿಂದ ಹಳೆ ದರ ತೋರಿಸುವ ಹೊಸ ರೋಗವೂ ಸೇರಿಕೊಳ್ಳುತ್ತದೆ. ಅಳತೆ, ಕ್ವೆರಿಯ ದುರಸ್ತಿ, ಆಮೇಲೆ ಕ್ಯಾಶ್‌ನ ತೀರ್ಮಾನ: ಈ ಅನುಕ್ರಮ ತಪ್ಪಿಸಬೇಡಿ.

ಸಮಯ ಎಲ್ಲಿ ಹೋಗುತ್ತಿದೆ?

ಮೊದಲ ಪರೀಕ್ಷೆಗೆ ಎರಡೇ ನಿಮಿಷ ಸಾಕು. ಸರ್ವರಿನ ಒಳಗಿನಿಂದಲೇ ಕರ್ಲ್ (ಪುಟವನ್ನು ತರಿಸಿ ನೋಡುವ ಆಜ್ಞೆ) ಓಡಿಸಿ ಮೊದಲ ಬೈಟ್ ಬರಲು ಎಷ್ಟು ಹೊತ್ತು ಬೇಕಾಯಿತು ನೋಡಿ (ಕರ್ಲ್‌ನಲ್ಲಿ ಅದರ ಹೆಸರು ‘ಟೈಮ್ ಸ್ಟಾರ್ಟ್‌ಟ್ರಾನ್ಸ್‌ಫರ್’). ಬಳಿಕ ಸಿಗ್ನಲ್ ಸಾಧಾರಣ ಇರುವ ಕಡೆಯಿಂದ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದೇ ಅಳತೆಯನ್ನೂ, ಪುಟ ಪೂರ್ತಿ ತೆರೆಯಲು ಬೇಕಾದ ಸಮಯವನ್ನೂ ತೆಗೆಯಿರಿ. ಸರ್ವರಿನೊಳಗೆ 80 ಮಿಲಿಸೆಕೆಂಡು, ಫೋನಿನಲ್ಲಿ 3 ಸೆಕೆಂಡು ಎಂದಾದರೆ ಡೇಟಾಬೇಸನ್ನು ಮುಟ್ಟಲೇಬೇಡಿ. ದೋಷ ನೆಟ್‌ವರ್ಕಿನದ್ದು, ಅಥವಾ ಪುಟದ ಗಾತ್ರದ್ದು. ಕನ್ನಡಕ್ಕೊಂದು, ಮಲಯಾಳಕ್ಕೊಂದು ಫಾಂಟ್ ಫೈಲು, ಮೇಲೆ ಕುಗ್ಗಿಸದೇ ಹಾಕಿದ ಅಧ್ಯಕ್ಷರ ಫೋಟೋ, ಇಷ್ಟೇ ಸಾಕು ಪುಟವನ್ನು ಕೂರಿಸಲು.

ಸರ್ವರಿನೊಳಗೂ ತಡವಾಗುತ್ತಿದ್ದರೆ ಪ್ರತಿ ಕೋರಿಕೆಗೆ ಮೂರು ಸಂಖ್ಯೆ ಲಾಗ್ ಆಗುವಂತೆ ಮಾಡಿ: ಒಟ್ಟು ಸಮಯ, ಅದರಲ್ಲಿ ಡೇಟಾಬೇಸಿಗೆ ಹೋದ ಸಮಯ, ಓಡಿದ ಕ್ವೆರಿಗಳ ಲೆಕ್ಕ. ಜ್ಯಾಂಗೊದಲ್ಲಿ ‘ಎಕ್ಸಿಕ್ಯೂಟ್ ರ‍್ಯಾಪರ್’ ಬಳಸಿ ಇದನ್ನು ಒಂದು ಚಿಕ್ಕ ಮಿಡಲ್‌ವೇರ್‌ನಲ್ಲಿ ಬರೆಯಬಹುದು. ಡಿಬಗ್ ಟೂಲ್‌ಬಾರ್ ಡೆವಲಪರ್ ಯಂತ್ರದಲ್ಲಿ ಮಾತ್ರ ಇರಲಿ. ಆ ಮೂರು ಸಂಖ್ಯೆಗಳನ್ನು ಹೀಗೆ ಓದಿ:

ಒಟ್ಟು 2800 ಮಿಲಿಸೆಕೆಂಡು, ಡೇಟಾಬೇಸ್ 90, ಕ್ವೆರಿ 12 ಎಂದಿದ್ದರೆ ಡೇಟಾಬೇಸ್ ನಿರಪರಾಧಿ. ಟೆಂಪ್ಲೇಟು ಅಥವಾ ಹೊರಗಿನ ಎಸ್‌ಎಂಎಸ್ ಸೇವೆಗೆ ಹೋಗುವ ಕರೆಯನ್ನು ಶಂಕಿಸಿ.

ಡೇಟಾಬೇಸ್ 2600, ಕ್ವೆರಿ 3 ಆಗಿದ್ದರೆ ಯಾವುದೋ ಒಂದು ಕ್ವೆರಿ ಇಡೀ ಟೇಬಲ್ ಜಾಲಾಡುತ್ತಿದೆ.

ಡೇಟಾಬೇಸ್ 2300, ಕ್ವೆರಿ 640 ಎಂದರೆ ಲೂಪಿನೊಳಗೆ ಕ್ವೆರಿ ಸೇರಿಕೊಂಡಿದೆ. ಪಟ್ಟಿಗೆ ಒಂದು ಕ್ವೆರಿ, ಪಟ್ಟಿಯ ಪ್ರತಿ ಸಾಲಿನ ಕೇಂದ್ರದ ಹೆಸರು ತರಲು ಮತ್ತೊಂದೊಂದು. ‘ಎನ್ ಪ್ಲಸ್ ಒನ್’ ಎಂದು ಕರೆಯುವುದು ಇದನ್ನೇ. ಸಂಬಂಧಿತ ಸಾಲುಗಳನ್ನು ಒಟ್ಟಿಗೇ ತರುವ ಜ್ಯಾಂಗೊದ ಸೆಲೆಕ್ಟ್ ರಿಲೇಟೆಡ್ ಅಥವಾ ಪ್ರಿಫೆಚ್ ರಿಲೇಟೆಡ್ ಹಾಕಿದರೆ 640 ಎರಡು-ಮೂರಕ್ಕೆ ಇಳಿಯುತ್ತದೆ. ಇದಕ್ಕೆ ಕ್ಯಾಶ್ ಹಾಕುವವರು 640 ಸಲ ಡೇಟಾಬೇಸಿಗೆ ಹೋಗುವ ಬದಲು 640 ಸಲ ರೆಡಿಸ್‌ಗೆ ಹೋಗುತ್ತಾರೆ. ಒಂದು ಸುತ್ತಿಗೆ ಅರ್ಧ ಮಿಲಿಸೆಕೆಂಡು ಹಿಡಿದರೂ 320 ಮಿಲಿಸೆಕೆಂಡು ಹೋಯಿತು.

ಇನ್ನೊಂದು ಬಗೆ ಇದೆ: ಕ್ವೆರಿ ಸ್ವತಃ ಚುರುಕು, ಆದರೆ ಕಾಯುತ್ತಾ ನಿಂತಿರುತ್ತದೆ. ಪುಟ ತಿರುಗುತ್ತಿರುವಾಗಲೇ ‘ಪಿಜಿ ಸ್ಟಾಟ್ ಆ್ಯಕ್ಟಿವಿಟಿ’ (ಆ ಕ್ಷಣ ಯಾವ ಕ್ವೆರಿ ಏನು ಮಾಡುತ್ತಿದೆ ಎಂಬ ಪೋಸ್ಟ್‌ಗ್ರೆಸ್ ಪಟ್ಟಿ) ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಸಾಲು ತಿದ್ದುವವರು ಓದುವವರನ್ನು ತಡೆಯುವುದಿಲ್ಲ. ಹಾಗಾಗಿ ಬರೀ ಸೆಲೆಕ್ಟ್ ಕ್ವೆರಿಯ ಎದುರು ‘ಲಾಕ್’ ಎಂದು ಕಂಡರೆ ಹೆಚ್ಚಿನ ಸಲ ಯಾರೋ ಹಾಡಹಗಲೇ ಆಲ್ಟರ್ ಟೇಬಲ್ (ಟೇಬಲ್‌ನ ರಚನೆ ಬದಲಿಸುವ ಆಜ್ಞೆ) ಓಡಿಸಿದ್ದಾರೆ. ಸಂಪರ್ಕಗಳೇ ಮುಗಿದುಹೋಗುವುದೂ ಉಂಟು. ‘ಮ್ಯಾಕ್ಸ್ ಕನೆಕ್ಷನ್ಸ್’ ಮೊದಲಿಗೆ 100 ಮಾತ್ರ ಇರುತ್ತದೆ. ಲಾಕ್‌ಗೂ ಸಂಪರ್ಕದ ಬರಕ್ಕೂ ಕ್ಯಾಶ್ ಮದ್ದಲ್ಲ.

ಯಾವ ಕ್ವೆರಿ, ಎಷ್ಟು ಸಲ?

‘ಪಿಜಿ ಸ್ಟಾಟ್ ಸ್ಟೇಟ್‌ಮೆಂಟ್ಸ್’ ಎಂಬ, ಪ್ರತಿ ಕ್ವೆರಿ ಎಷ್ಟು ಸಲ, ಎಷ್ಟು ಹೊತ್ತು ಓಡಿತು ಎಂದು ಲೆಕ್ಕವಿಡುವ ಎಕ್ಸ್‌ಟೆನ್ಷನ್ ಇಲ್ಲದೆ ಮುಂದಿನ ತೀರ್ಮಾನ ಕುರುಡು. ಅದನ್ನು ‘ಶೇರ್ಡ್ ಪ್ರಿಲೋಡ್ ಲೈಬ್ರರೀಸ್’ ಸಾಲಿಗೆ ಸೇರಿಸಬೇಕು. ಅದಕ್ಕೆ ಪೋಸ್ಟ್‌ಗ್ರೆಸ್ ಒಮ್ಮೆ ರಿಸ್ಟಾರ್ಟ್ ಆಗಬೇಕು, ಆದ್ದರಿಂದ ರಾತ್ರಿ ಮಾಡಿ. ನಂತರ ಕ್ರಿಯೇಟ್ ಎಕ್ಸ್‌ಟೆನ್ಷನ್ ಕೊಟ್ಟು, ಎರಡು ಮೂರು ಮಾರುಕಟ್ಟೆ ದಿನ ಹಾಗೇ ಬಿಡಿ. ಭಾನುವಾರದ ಅಂಕಿ ನೋಡಿ ತೀರ್ಮಾನಿಸಿದರೆ ಕೆಟ್ಟಿರಿ. ಮೈಎಸ್‌ಕ್ಯೂಎಲ್ ಆದರೆ ಸ್ಲೋ ಕ್ವೆರಿ ಲಾಗ್ ಇದೆ. ಆದರೆ ಅದು ಹೊಸ ಇನ್‌ಸ್ಟಾಲಿನಲ್ಲಿ ಆಫ್ ಆಗಿರುತ್ತದೆ, ಮಿತಿ 10 ಸೆಕೆಂಡು ಇರುತ್ತದೆ. ವೆಬ್ ಪುಟದ ಮಟ್ಟಿಗೆ ಅಷ್ಟು ದೊಡ್ಡ ಮಿತಿಗೆ ಅರ್ಥವಿಲ್ಲ. 0.2 ಸೆಕೆಂಡಿಗೆ ಇಳಿಸಿ.

ಪಟ್ಟಿಯನ್ನು ಸರಾಸರಿ ಸಮಯದ ಮೇಲಲ್ಲ, ಒಟ್ಟು ಸಮಯದ ಮೇಲೆ ಜೋಡಿಸಿ. ವಾರ್ಷಿಕ ವರದಿಯ ಕ್ವೆರಿ ಸಲಕ್ಕೆ 2100 ಮಿಲಿಸೆಕೆಂಡು, ಆದರೆ ಓಡಿದ್ದು 40 ಸಲ: ಒಟ್ಟು 84 ಸೆಕೆಂಡು. ದಿನದ ದರದ ಕ್ವೆರಿ ಸಲಕ್ಕೆ ಒಂದೂವರೆ ಮಿಲಿಸೆಕೆಂಡು, ಓಡಿದ್ದು 3 ಲಕ್ಷ ಸಲ: 450 ಸೆಕೆಂಡು. ಎಲ್ಲರ ಕಣ್ಣು ಮೊದಲನೆಯದರ ಮೇಲೆ ಬೀಳುತ್ತದೆ, ಯಂತ್ರವನ್ನು ಹಿಂಡುತ್ತಿರುವುದು ಎರಡನೆಯದು.

ಈಗ ಆ ಕ್ವೆರಿಗೆ ‘ಎಕ್ಸ್‌ಪ್ಲೇನ್’ (ಕ್ವೆರಿಯನ್ನು ಹೇಗೆ ಓಡಿಸುತ್ತದೆ ಎಂದು ಹೇಳುವ ಆಜ್ಞೆ) ಕೊಡಿ, ‘ಅನಲೈಸ್’ ಮತ್ತು ‘ಬಫರ್ಸ್’ ಎರಡನ್ನೂ ಸೇರಿಸಿ. ದರದ ಟೇಬಲ್‌ನಲ್ಲಿ 12 ಲಕ್ಷ ಸಾಲುಗಳಿವೆ, ಪೆರ್ಲ ಕೇಂದ್ರದ ಡಬಲ್ ಚೋಲ್‌ನ (ಅಡಿಕೆಯ ಒಂದು ವಿಧ) ಕೊನೆಯ ದರ ಒಂದೇ ಒಂದು ಬೇಕು ಎನ್ನಿ. ಉತ್ತರದಲ್ಲಿ ‘ಸೀಕ್ ಸ್ಕ್ಯಾನ್’ (ಇಡೀ ಟೇಬಲ್ ಜಾಲಾಡುವುದು) ಎಂದಿದ್ದು, ‘ರೋಸ್ ರಿಮೂವ್ಡ್ ಬೈ ಫಿಲ್ಟರ್’ ಎದುರು ಲಕ್ಷಗಟ್ಟಲೆ ಅಂಕಿ ಕಂಡರೆ ಬೇಕಾದದ್ದು ಇಂಡೆಕ್ಸ್: ಕೇಂದ್ರ, ಅಡಿಕೆಯ ವಿಧ, ದಿನಾಂಕ, ಇದೇ ಸರದಿಯಲ್ಲಿ. ಸಮನಾಗಿ ಹೋಲಿಸುವ ಕಾಲಂಗಳು ಮುಂದೆ, ಸರದಿಗೆ ಬೇಕಾದ ಕಾಲಂ ಹಿಂದೆ. ಆಗ ಮೂಲ ಟೇಬಲ್ ಜಾಲಾಡದೆ ಇಂಡೆಕ್ಸಿನ ತುದಿಯಿಂದ ಒಂದೇ ಸಾಲು ಎತ್ತಿಕೊಂಡು ಬರುತ್ತದೆ. ಚಾಲ್ತಿ ತಾಣದಲ್ಲಿ ಇಂಡೆಕ್ಸ್ ಕಟ್ಟುವಾಗ ‘ಕನ್‌ಕರೆಂಟ್ಲಿ’ ಸೇರಿಸಲು ಮರೆತರೆ ಕಟ್ಟಿ ಮುಗಿಯುವ ತನಕ ದರ ನಮೂದಿಸುವವರು ಕಾಯಬೇಕಾಗುತ್ತದೆ.

ಅಂದಾಜು ಸಾಲು 10, ನಿಜದ ಸಾಲು 90,000 ಎಂಬಷ್ಟು ಅಂತರ ಕಂಡರೆ ಟೇಬಲ್ ಬಗ್ಗೆ ಡೇಟಾಬೇಸ್ ಇಟ್ಟುಕೊಂಡ ಅಂಕಿಅಂಶ ಹಳತಾಗಿರಬಹುದು. ಆ ಟೇಬಲ್‌ಗೆ ಒಮ್ಮೆ ಅನಲೈಸ್ ಓಡಿಸಿ ಮತ್ತೆ ನೋಡಿ. ‘ಶೇರ್ಡ್ ಹಿಟ್’ ಕಡಿಮೆ, ‘ರೀಡ್’ ಹೆಚ್ಚು ಇದ್ದರೆ ಡಿಸ್ಕಿನಿಂದ ಓದುತ್ತಿದೆ ಎಂದು ಲೆಕ್ಕ; ‘ಶೇರ್ಡ್ ಬಫರ್ಸ್’ ಇನ್ನೂ ಮೊದಲಿನ 128 ಎಂಬಿಯಲ್ಲೇ ಕೂತಿದೆಯೇ ಪರೀಕ್ಷಿಸಿ. ಡೇಟಾಬೇಸಿಗೇ ಮೀಸಲಾದ ಯಂತ್ರದಲ್ಲಿ ಮೆಮೊರಿಯ ಕಾಲು ಭಾಗದಿಂದ ಶುರು ಮಾಡುವುದು ರೂಢಿ. ಡೇಟಾಬೇಸ್ ತಾನಾಗಿಯೇ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ ಎಂಬುದನ್ನು ಮರೆತೇ ಎಷ್ಟೋ ಜನ ಅದರ ಮುಂದೆ ಇನ್ನೊಂದು ಕ್ಯಾಶ್ ತಂದು ನಿಲ್ಲಿಸುತ್ತಾರೆ.

ಮೈಎಸ್‌ಕ್ಯೂಎಲ್ ಒಳಗೇ ಒಂದು ಕ್ವೆರಿ ಕ್ಯಾಶ್ ಇತ್ತು. ಟೇಬಲ್‌ನ ಯಾವುದೇ ಸಾಲು ಬದಲಾದರೂ ಆ ಟೇಬಲ್‌ಗೆ ಸೇರಿದ ಎಲ್ಲ ಉತ್ತರಗಳನ್ನೂ ಅದು ಬಿಸಾಡುತ್ತಿತ್ತು. ಅದರ ಬೀಗಕ್ಕಾಗಿ ಕೋರ್‌ಗಳು ತಮ್ಮಲ್ಲೇ ಪೈಪೋಟಿ ನಡೆಸಿ, ಕೋರ್ ಹೆಚ್ಚಿದ್ದ ಯಂತ್ರದಲ್ಲಿ ಇನ್ನಷ್ಟು ನಿಧಾನವಾಗುತ್ತಿತ್ತು. 2018ರ 8.0 ಆವೃತ್ತಿಯಲ್ಲಿ ಅದನ್ನು ತೆಗೆದೇಬಿಟ್ಟರು. ಹಳೆಯ ಲೇಖನ ಓದಿ 8.0ರ ಸಂರಚನೆಗೆ ‘ಕ್ವೆರಿ ಕ್ಯಾಶ್ ಸೈಜ್’ ಸೇರಿಸಿದರೆ ಸರ್ವರ್ ಮೇಲೇಳುವುದೇ ಇಲ್ಲ.

ಇನ್ನು ಲೆಕ್ಕ

ಕ್ವೆರಿ ಸರಿಮಾಡಿದ ಮೇಲೂ ಹೊರೆ ಉಳಿದಿದ್ದರೆ ಕ್ಯಾಶ್‌ನ ಮಾತು. ಅದಕ್ಕೆ ಎರಡು ಚಿಕ್ಕ ಲೆಕ್ಕ ಸಾಕು.

ಒಂದು: ಕ್ಯಾಶ್ ಇದ್ದಾಗಿನ ಸರಾಸರಿ ಸಮಯ ಎಂದರೆ ಕ್ಯಾಶ್ ನೋಡುವ ಸಮಯ, ಅದಕ್ಕೆ ತಪ್ಪಿದ ಪಾಲಿನಷ್ಟು ಡೇಟಾಬೇಸ್ ಸಮಯ ಕೂಡಿಸಿದ್ದು. ಕ್ಯಾಶ್ ನೋಡಿ, ಬಿಚ್ಚಿ ಓದಲು 1 ಮಿಲಿಸೆಕೆಂಡು, ಡೇಟಾಬೇಸಿಗೆ 4 ಮಿಲಿಸೆಕೆಂಡು ಎನ್ನಿ. ನೂರಕ್ಕೆ 20 ಸಲ ಮಾತ್ರ ಕ್ಯಾಶ್‌ನಲ್ಲಿ ಸಿಕ್ಕರೆ ಸರಾಸರಿ 1 ಕೂಡಿಸು 3.2, ಅಂದರೆ 4.2. ಏನೂ ಮಾಡದೇ ಇದ್ದಿದ್ದರೆ 4 ಇತ್ತು! ಈ ಕ್ವೆರಿಗೆ ಹಿಟ್ (ಕ್ಯಾಶ್‌ನಲ್ಲೇ ಉತ್ತರ ಸಿಗುವ) ಪ್ರಮಾಣ 25 ಶೇಕಡಾ ದಾಟಿದ ಮೇಲೆಯೇ ಲಾಭ ಶುರು. ಕ್ಯಾಶ್‌ನ ಸಮಯವನ್ನು ಡೇಟಾಬೇಸ್ ಸಮಯದಿಂದ ಭಾಗಿಸಿದರೆ ನಿಮ್ಮ ಗಡಿರೇಖೆ ಸಿಗುತ್ತದೆ.

ಎರಡು: ಹಿಟ್ ಎಷ್ಟು ಬರಬಹುದು? ಇದು ತಾಣದ ಒಟ್ಟು ಭೇಟಿಗಳನ್ನು ಅವಲಂಬಿಸಿಲ್ಲ, ಒಂದೊಂದು ಕೀಗೆ (ಕ್ಯಾಶ್‌ನಲ್ಲಿ ಉತ್ತರಕ್ಕೆ ಕೊಟ್ಟ ಹೆಸರು) ಎಷ್ಟು ಸಲ ಕೇಳಿಕೆ ಬರುತ್ತದೆ ಎಂಬುದರ ಮೇಲೆ ನಿಂತಿದೆ. ಉತ್ತರ ಕ್ಯಾಶ್‌ನಲ್ಲಿ ಉಳಿಯುವ ಅವಧಿ ಮುಗಿಯುವುದರೊಳಗೆ ಆ ಕೀಗೆ ಸರಾಸರಿ ಎಷ್ಟು ಕೇಳಿಕೆ ಬರುತ್ತದೋ ಆ ಸಂಖ್ಯೆಯನ್ನು, ಅದಕ್ಕೇ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸಿ. ಕೇಳಿಕೆಗಳು ಅಡ್ಡಾದಿಡ್ಡಿಯಾಗಿ ಬರುವ ತಾಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ದಿನದ ದರದ ಪುಟಕ್ಕೆ ಸೆಕೆಂಡಿಗೆ 5 ಕೇಳಿಕೆ, ಅವಧಿ 60 ಸೆಕೆಂಡು ಎಂದರೆ 300 ಭಾಗಿಸು 301, ನೂರಕ್ಕೆ 99ಕ್ಕೂ ಮೇಲೆ. ಒಬ್ಬ ಸದಸ್ಯರ ಖಾತೆ ಪುಟವನ್ನು ಅವರು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಾರೆ, ಅವಧಿ ಅದೇ 60 ಸೆಕೆಂಡು ಎಂದರೆ 0.1 ಭಾಗಿಸು 1.1, ಕೇವಲ 9 ಶೇಕಡಾ. ಮೇಲಿನ ಗಡಿರೇಖೆ 25 ಇತ್ತಲ್ಲ, ಅಲ್ಲಿಗೆ ಆ ಮಾತು ಮುಗಿಯಿತು.

ಲೆಕ್ಕ ಹೊಂದಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಉತ್ತರ ಹಳತಾದರೆ ಯಾರಿಗೆ ಏನು ನಷ್ಟ? ಇದನ್ನು ಪ್ರೋಗ್ರಾಮರ್ ಒಬ್ಬನೇ ಕೂತು ನಿರ್ಧರಿಸಬಾರದು, ತೂಕದ ಕಟ್ಟೆಯಲ್ಲಿ ಇರುವವರನ್ನೇ ಕೇಳಬೇಕು. ಐದು ವರ್ಷದ ಗ್ರಾಫ್ ಒಂದು ದಿನ ಹಿಂದೆ ಇದ್ದರೆ ಯಾರೂ ಗೊಣಗುವುದಿಲ್ಲ. ಅದನ್ನು ರೆಡಿಸ್‌ಗೂ ತರಬೇಕಾಗಿಲ್ಲ, ಮೆಟೀರಿಯಲೈಸ್ಡ್ ವ್ಯೂ (ಡೇಟಾಬೇಸಿನಲ್ಲೇ ಉಳಿಸಿಟ್ಟ ಕ್ವೆರಿಯ ಉತ್ತರ) ಮಾಡಿ ರಾತ್ರಿ ರಿಫ್ರೆಶ್ ಮಾಡಿದರೆ ಆಯಿತು. (‘ಕನ್‌ಕರೆಂಟ್ಲಿ’ ರಿಫ್ರೆಶ್ ಮಾಡಬೇಕಿದ್ದರೆ ಆ ವ್ಯೂಗೆ ಒಂದು ಯುನಿಕ್ ಇಂಡೆಕ್ಸ್ ಇರಲೇಬೇಕು.) ದಿನದ ದರ ಒಂದು ನಿಮಿಷ ತಡವಾದರೆ ಸಹಿಸಬಹುದು, ಆದರೆ ಪಾವತಿ ಚೀಟಿ ಬರೆಯುವ ಕೋಡ್ ದರವನ್ನು ಕ್ಯಾಶ್‌ನಿಂದ ಓದಕೂಡದು. ಸದಸ್ಯರ ಬಾಕಿ, ಗೋದಾಮಿನ ದಾಸ್ತಾನು, ಲಾಗಿನ್ ಅನುಮತಿ ಈ ಮೂರನ್ನೂ ಡೇಟಾಬೇಸಿನಿಂದಲೇ ಓದಿ. ಹುಡುಕಾಟದ ಫಲಿತಾಂಶಕ್ಕೆ ಕೀಗಳು ಸಾವಿರಾರು, ಹಿಟ್ ಬೆರಳೆಣಿಕೆ, ಸಾಮಾನ್ಯವಾಗಿ ಬೇಡ.

ಕ್ಯಾಶ್ ಹಾಕಿದ ಮೇಲೆ ಬರುವ ದೂರುಗಳು

"ಒಮ್ಮೆ ಹೊಸ ರೇಟು, ರಿಫ್ರೆಶ್ ಮಾಡಿದ್ರೆ ಪುನಃ ಹಳತು." ಜ್ಯಾಂಗೊದಲ್ಲಿ ಏನೂ ಹೇಳದಿದ್ದರೆ ಕ್ಯಾಶ್ ಆಯಾ ಪ್ರಕ್ರಿಯೆಯ ಸ್ವಂತ ಮೆಮೊರಿಯಲ್ಲಿ ಕೂರುತ್ತದೆ, ಅವಧಿ 300 ಸೆಕೆಂಡು. ಜ್ಯಾಂಗೊ ಓಡಿಸುವ ಗುನಿಕಾರ್ನ್‌ನಲ್ಲಿ 4 ವರ್ಕರ್ (ಪ್ರತ್ಯೇಕ ಪ್ರಕ್ರಿಯೆ) ಇದ್ದರೆ 4 ಬೇರೆ ಬೇರೆ ಕ್ಯಾಶ್. ದರ ಬದಲಿಸಿದ ವರ್ಕರ್ ತನ್ನದನ್ನು ಮಾತ್ರ ಅಳಿಸುತ್ತದೆ, ಉಳಿದ ಮೂರು ಹಳತನ್ನೇ ಬಡಿಸುತ್ತಿರುತ್ತವೆ. ಖಾತ್ರಿಯಾಗಬೇಕಿದ್ದರೆ ವರ್ಕರ್ ಒಂದಕ್ಕೆ ಇಳಿಸಿ ನೋಡಿ, ದೂರು ಮಾಯವಾಗುತ್ತದೆ. ಎಲ್ಲರಿಗೂ ಒಂದೇ ರೆಡಿಸ್ ಕೊಡುವುದು ಪರಿಹಾರ.

"ರೇಟು ಬದಲಿಸಿ ಐದು ನಿಮಿಷ ಆಯ್ತು, ಎಲ್ಲರಿಗೂ ಹಳತೇ ಕಾಣ್ತದೆ." ಇದು ಅಳಿಸುವ ಕ್ಷಣದ ದೋಷ, ಕೊಂಚ ನಿಧಾನವಾಗಿ ನೋಡಬೇಕು. ಕೋಡ್ ದರವನ್ನು ಉಳಿಸುತ್ತದೆ, ಕ್ಯಾಶ್ ಕೀ ಅಳಿಸುತ್ತದೆ, ಆಮೇಲೆ ಟ್ರಾನ್ಸಾಕ್ಷನ್ ಕಮಿಟ್ ಆಗುತ್ತದೆ (ಬದಲಾವಣೆ ಖಾಯಂ ಆಗಿ ಎಲ್ಲರಿಗೂ ಕಾಣುತ್ತದೆ). ಅಳಿಸಿದ್ದಕ್ಕೂ ಕಮಿಟ್‌ಗೂ ನಡುವೆ 30 ಮಿಲಿಸೆಕೆಂಡು ಇದ್ದರೆ ಸಾಕು. ಆ ಸಂದಿಯಲ್ಲಿ ಬಂದ ಓದುಗನಿಗೆ ಕ್ಯಾಶ್ ಖಾಲಿ. ಆತ ಡೇಟಾಬೇಸಿಗೆ ಹೋಗುತ್ತಾನೆ, ಕಮಿಟ್ ಆಗಿಲ್ಲವಾದ್ದರಿಂದ ಹಳೆ ದರವೇ ಸಿಗುತ್ತದೆ, ಅದನ್ನು ಹೊಸದಾಗಿ ಕ್ಯಾಶ್‌ನಲ್ಲಿ ಇಡುತ್ತಾನೆ. ಈಗ ಡೇಟಾಬೇಸಿನಲ್ಲಿ ಹೊಸತು, ಕ್ಯಾಶ್‌ನಲ್ಲಿ ಪೂರ್ತಿ ಅವಧಿಗೆ ಹಳತು. ಅಳಿಸುವ ಸಾಲನ್ನು ಜ್ಯಾಂಗೊದ ‘ಆನ್ ಕಮಿಟ್’ ಒಳಗೆ ಹಾಕಿದರೆ ಈ ಸಂದಿ ಮುಚ್ಚುತ್ತದೆ.

ಆದರೂ ಕೂದಲೆಳೆಯಷ್ಟು ಬಿರುಕು ಉಳಿದಿರುತ್ತದೆ. ಓದುಗ ಕಮಿಟ್‌ಗೆ ಮುಂಚೆಯೇ ಹಳೆ ದರ ಓದಿ, ಯಾವುದೋ ಕಾರಣಕ್ಕೆ ತಡವಾಗಿ, ಅಳಿಸಿದ ಮೇಲೆ ಬಂದು ಹಳತನ್ನು ಇಟ್ಟುಬಿಡಬಹುದು. ಇದಕ್ಕೆ ಕೀಯ ಹೆಸರಿನಲ್ಲೇ ಆವೃತ್ತಿ ಸಂಖ್ಯೆ ಸೇರಿಸಿ. ಓದುಗ ಮೊದಲು ಆವೃತ್ತಿ ನೋಡುತ್ತಾನೆ, 41 ಎನ್ನಿ, ಬಳಿಕ ಡೇಟಾಬೇಸ್ ಓದುತ್ತಾನೆ. ದರ ಬದಲಿಸಿದವರು ಕಮಿಟ್ ಆದ ಕೂಡಲೇ ಆವೃತ್ತಿಯನ್ನು 42 ಮಾಡುತ್ತಾರೆ. ತಡವಾಗಿ ಬಂದವನು 41ರ ಕೀಗೆ ಬರೆದರೂ ಅದನ್ನು ಯಾರೂ ಓದುವುದಿಲ್ಲ, ಅವಧಿ ಮುಗಿದು ತಾನಾಗಿ ಹೋಗುತ್ತದೆ. ಓದಲು ರೆಪ್ಲಿಕಾ (ಮೂಲ ಡೇಟಾಬೇಸಿನ ನಕಲು) ಬಳಸುತ್ತಿದ್ದರೆ ಆವೃತ್ತಿಯೂ ಕಾಯುವುದಿಲ್ಲ: ರೆಪ್ಲಿಕಾಕ್ಕೆ ಹೊಸ ದರ ತಲುಪುವ ಮೊದಲೇ 42ರ ಕೀಯಲ್ಲಿ ಹಳತು ಕೂರಬಹುದು. ಕ್ಯಾಶ್ ತುಂಬಿಸುವ ಕ್ವೆರಿಯನ್ನು ಪ್ರೈಮರಿಗೇ (ಮೂಲ ಡೇಟಾಬೇಸಿಗೇ) ಕಳುಹಿಸಿ.

"ಕನ್ನಡ ಒತ್ತಿದ್ರೆ ಮಲಯಾಳಂ ಬರ್ತದೆ." ಗಡಿನಾಡಿನ ತಾಣಗಳ ಖಾಯಂ ದೂರು ಇದು. ಕೀಯಲ್ಲಿ ಭಾಷೆ ಸೇರಿಲ್ಲ, ಮೊದಲು ಬಂದವರ ಭಾಷೆ ಎಲ್ಲರಿಗೂ ಹಂಚಿಕೆಯಾಗುತ್ತಿದೆ. ಕ್ವೆರಿಯ ಉತ್ತರದಲ್ಲಿ ಭಾಷೆ ಬೆರೆಸದೆ ಬರೀ ಅಂಕಿ, ಕೋಡ್‌ಗಳನ್ನು ಕ್ಯಾಶ್ ಮಾಡಿ, ಅಕ್ಷರಕ್ಕೆ ಇಳಿಸುವುದನ್ನು ಟೆಂಪ್ಲೇಟಿಗೆ ಬಿಡುವುದು ಹೆಚ್ಚು ಸ್ವಚ್ಛ. ಇಡೀ ಪುಟವನ್ನೇ ಕ್ಯಾಶ್ ಮಾಡಿದ್ದರೆ ಭಾಷೆಯನ್ನು ಯುಆರ್‌ಎಲ್‌ನಲ್ಲಿ ತನ್ನಿ. ಇದೇ ದೋಷದ ಭಯಂಕರ ರೂಪ, ಒಬ್ಬರ ಖಾತೆ ಇನ್ನೊಬ್ಬರಿಗೆ ಕಾಣುವುದು. ಅಂಥ ದೂರು ಒಂದೇ ಒಂದು ಬಂದರೂ ಮೊದಲು ಕ್ಯಾಶ್ ಆಫ್ ಮಾಡಿ, ಕಾರಣ ಆಮೇಲೆ ಹುಡುಕಿ.

ದೂರೇ ಬರದ ದೋಷವೂ ಒಂದಿದೆ. ಒಂದೇ ಊರಿಗೆ ಎರಡೆರಡು ಕೀ ಹುಟ್ಟುವುದು. ‘ಕಾಸರಗೋಡು’ ಎಂಬಲ್ಲಿನ ಗೋ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಬೈಟ್ ಲೆಕ್ಕದಲ್ಲಿ ಒಂದು 24, ಇನ್ನೊಂದು 30. ಕ್ಯಾಶ್‌ಗೆ ಅವು ಬೇರೆ ಊರುಗಳು. ಪದದ ನಡುವೆ ಅಡಗಿ ಕೂರುವ ಶೂನ್ಯ ಅಗಲದ ಬಿಡಿಸುವ ಚಿಹ್ನೆಯದ್ದೂ ಇದೇ ಕತೆ. ಕೀ ಕಟ್ಟುವ ಮುನ್ನ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತಕ್ಕೆ ಸೇರಿಸುವ ಯೂನಿಕೋಡ್ ರೂಪ) ತನ್ನಿ, ತುದಿಯ ಖಾಲಿ ಜಾಗ ಕತ್ತರಿಸಿ. ಶೂನ್ಯ ಅಗಲದ ಚಿಹ್ನೆಯನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಕೀಯ ಮಟ್ಟಿಗೆ ಅದನ್ನು ನೀವೇ ತೆಗೆಯಬೇಕು, ಡೇಟಾಬೇಸಿನ ಹುಡುಕಾಟಕ್ಕೂ ಅದೇ ಶುದ್ಧ ರೂಪ ಕಳುಹಿಸಬೇಕು. ರೆಡಿಸ್ ಬದಲು ಮೆಮ್‌ಕ್ಯಾಶ್‌ಡಿ ಎಂಬ ಕ್ಯಾಶ್ ಬಳಸುವವರಿಗೆ ಇನ್ನೊಂದು ಕಟ್ಟು: ಕೀ 250 ಬೈಟ್ ಮೀರಬಾರದು, ನಡುವೆ ಸ್ಪೇಸ್ ಇರಬಾರದು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ 83 ಸಂಕೇತಕ್ಕೇ ಗಡಿ. ಹುಡುಕಾಟದ ಪದವನ್ನು ನೇರ ಹಾಕದೆ ಅದರ ಹ್ಯಾಶ್ (ಪದದಿಂದ ಲೆಕ್ಕ ಹಾಕಿದ ನಿಗದಿತ ಉದ್ದದ ಸಂಕೇತ) ಹಾಕಿ.

"ಸರಿಯಾಗಿ ಐದೈದು ನಿಮಿಷಕ್ಕೆ ಒಮ್ಮೆ ಸ್ಟಕ್ ಆಗ್ತದೆ." ಅವಧಿ ಮುಗಿದ ಕ್ಷಣಕ್ಕೆ ಎಲ್ಲರೂ ಒಟ್ಟಿಗೆ ಡೇಟಾಬೇಸಿಗೆ ನುಗ್ಗುತ್ತಿದ್ದಾರೆ. ಕ್ವೆರಿಗೆ 2 ಸೆಕೆಂಡು, ಕೇಳಿಕೆ ಸೆಕೆಂಡಿಗೆ 50 ಎಂದರೆ ಮೊದಲನೆಯವನು ಉತ್ತರ ತರುವಷ್ಟರಲ್ಲಿ ನೂರು ಜನ ಅದೇ ಕ್ವೆರಿ ಓಡಿಸಿರುತ್ತಾರೆ, ಒಬ್ಬರಿಂದೊಬ್ಬರು ನಿಧಾನವಾಗಿ ಆ 2 ಸೆಕೆಂಡು 20 ಆಗುತ್ತದೆ. ಒಬ್ಬನಿಗೆ ಮಾತ್ರ ಬೀಗ ಕೊಡಿ: ರೆಡಿಸ್‌ನ ‘ಸೆಟ್’ ಆಜ್ಞೆಗೆ ‘ಎನ್‌ಎಕ್ಸ್’ ಮತ್ತು ‘ಇಎಕ್ಸ್ 10’ ಸೇರಿಸಿದರೆ 10 ಸೆಕೆಂಡಿನ ಬೀಗ ಸಿಗುತ್ತದೆ. ಬೀಗ ಸಿಗದವರಿಗೆ ಹಳೆ ಉತ್ತರ ಹೋಗಲಿ. ಇದಕ್ಕಾಗಿ ನಿಜವಾದ ಅವಧಿಯನ್ನು ಮೌಲ್ಯದೊಳಗೆ ಬರೆದಿಟ್ಟು, ರೆಡಿಸ್‌ನ ಅವಧಿಯನ್ನು ಅದಕ್ಕಿಂತ ಉದ್ದ ಇಡಬೇಕು. ಬೇರೆ ಬೇರೆ ಕೀಗಳು ಒಟ್ಟಿಗೆ ಮುಗಿಯದಂತೆ 300 ಸೆಕೆಂಡಿಗೆ 0ಯಿಂದ 60ರ ತನಕ ಯಾದೃಚ್ಛಿಕ ಸೆಕೆಂಡು ಕೂಡಿಸಿ.

ಸರ್ವರನ್ನು ಸಂಘದ ಆಫೀಸಿನಲ್ಲೇ ಇಟ್ಟವರಿಗೆ ಮಳೆಗಾಲದಲ್ಲಿ ಇದೇ ನೂಕುನುಗ್ಗಲು ಬೇರೆ ದಾರಿಯಲ್ಲಿ ಬರುತ್ತದೆ. ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟು, ಮತ್ತೆ ಯಂತ್ರ ಎದ್ದಾಗ ರೆಡಿಸ್ ಖಾಲಿ ಅಥವಾ ಅರೆಬರೆ. ದರದ ಕೀಗಳನ್ನು ಮೊದಲೇ ತುಂಬಿಸುವ ಒಂದು ಸ್ಕ್ರಿಪ್ಟ್, ವೆಬ್ ಸರ್ವರ್ ಬಾಗಿಲು ತೆರೆಯುವ ಮುನ್ನ ಓಡಲಿ.

ಬರೆಯುವಾಗ ‘ಓಓಎಂ’ ಎಂಬ ದೋಷ ಸಂದೇಶ ಬಂದರೆ ‘ಮ್ಯಾಕ್ಸ್ ಮೆಮೊರಿ’ ತುಂಬಿದೆ, ಹಳತನ್ನು ಅಳಿಸುವ ನೀತಿ ಮೊದಲಿನ ‘ನೋ ಎವಿಕ್ಷನ್’ನಲ್ಲೇ (ಏನನ್ನೂ ಅಳಿಸದಿರುವುದು) ಇದೆ. ಬರೀ ಕ್ಯಾಶ್‌ಗೆ ಇಟ್ಟ ರೆಡಿಸ್ ಆದರೆ ‘ಆಲ್ ಕೀಸ್ ಎಲ್‌ಆರ್‌ಯು’ (ಬಹಳ ಹೊತ್ತು ಬಳಸದ ಕೀಗಳನ್ನು ಅಳಿಸುವುದು) ಮಾಡಿ. ಅದೇ ರೆಡಿಸ್‌ನಲ್ಲಿ ಎಸ್‌ಎಂಎಸ್ ಸರದಿಯೂ ಲಾಗಿನ್ ಸೆಷನ್ನೂ ಇದ್ದರೆ ಹಾಗೆ ಮಾಡಿದಾಗ ಅವೂ ಕಾಣೆಯಾಗುತ್ತವೆ; ಎರಡು ಬೇರೆ ಇನ್‌ಸ್ಟನ್ಸ್ ನಡೆಸಿ. ಚಾಲ್ತಿಯಲ್ಲಿ ಕೀಗಳ ಪಟ್ಟಿ ಕೇಳುವ ‘ಕೀಸ್’ ಆಜ್ಞೆ ಕೊಟ್ಟರೆ ಅದು ಮುಗಿಯುವ ತನಕ ರೆಡಿಸ್ ಬೇರೆ ಯಾರಿಗೂ ಉತ್ತರಿಸುವುದಿಲ್ಲ, ‘ಸ್ಕ್ಯಾನ್’ ಬಳಸಿ.

ಒಪ್ಪಿಸುವ ಮುನ್ನ

ಒಂದು ವಾರದ ಬಳಿಕ ರೆಡಿಸ್‌ನ ‘ಇನ್ಫೋ ಸ್ಟಾಟ್ಸ್’ನಲ್ಲಿ ‘ಕೀಸ್ಪೇಸ್ ಹಿಟ್ಸ್’, ‘ಕೀಸ್ಪೇಸ್ ಮಿಸಸ್’ ನೋಡಿ. ಅವು ಇಡೀ ಸರ್ವರಿನ ಮೊತ್ತ. ದರದ ಪುಟದ ಭರ್ಜರಿ ಹಿಟ್ ಹಿಂದೆ ಬೇರೆ ಕೀಗಳ ಸೋಲು ಮರೆಯಾಗಿರುತ್ತದೆ, ಆದ್ದರಿಂದ ಕೋಡ್‌ನಲ್ಲೇ ಕೀಯ ಬಗೆಗೊಂದು ಎಣಿಕೆ ಇಡಿ. ಗಡಿರೇಖೆ ದಾಟದ ಬಗೆಯ ಕ್ಯಾಶ್ ಕೋಡನ್ನು ಮುಲಾಜಿಲ್ಲದೆ ಕಿತ್ತುಹಾಕಿ.

ಕೊನೆಗೆ ಜನ ಕಡಿಮೆ ಇರುವ ಹೊತ್ತು ನೋಡಿ ರೆಡಿಸ್ ನಿಲ್ಲಿಸಿ. ಪುಟ ನಿಧಾನವಾಗಿಯಾದರೂ ತೆರೆಯಬೇಕು. ದೋಷದ ಪುಟ ಬಂದರೆ, ಕ್ಯಾಶ್ ಸಿಗದಾಗ ನೇರ ಡೇಟಾಬೇಸಿಗೆ ಹೋಗುವ ದಾರಿ ಕೋಡ್‌ನಲ್ಲಿ ಇಲ್ಲ. 30 ಸೆಕೆಂಡು ಸ್ತಬ್ಧವಾಗಿ ನಿಂತರೆ ರೆಡಿಸ್ ಸಂಪರ್ಕಕ್ಕೆ ಸಮಯ ಮಿತಿ ಹಾಕಿಲ್ಲ. 100 ಮಿಲಿಸೆಕೆಂಡು ಇಟ್ಟು ಮತ್ತೊಮ್ಮೆ ನಿಲ್ಲಿಸಿ ನೋಡಿ.